ಗಣಿ ಮುಚ್ಚಿತು, ಉಕ್ಕು ಉಳಿಯಿತು

ಜರ್ಮನಿಯ ಎಸೆನ್ ನಗರದ ತ್ಸೋಲ್‌ಫರೈನ್ ಗಣಿಯ ಹನ್ನೆರಡನೇ ಬಾವಿ ಕೆಲಸ ಶುರುಮಾಡಿದ್ದು 1932ರಲ್ಲಿ. ದಿನಕ್ಕೆ 12,000 ಟನ್ ಕಲ್ಲಿದ್ದಲು ಮೇಲೆತ್ತುವ ಸಾಮರ್ಥ್ಯ ಅದಕ್ಕಿತ್ತು. ಫ್ರಿಟ್ಸ್ ಶುಪ್ ಮತ್ತು ಮಾರ್ಟಿನ್ ಕ್ರೆಮರ್ ಎಂಬ ವಾಸ್ತುಶಿಲ್ಪಿಗಳು ಉಕ್ಕಿನ ಚೌಕಟ್ಟು, ಕೆಂಪು ಇಟ್ಟಿಗೆಗಳಲ್ಲಿ ಅದನ್ನು ರೂಪಿಸಿದ್ದರು. 1986ರ ಡಿಸೆಂಬರ್‌ನಲ್ಲಿ ಗಣಿ ಮುಚ್ಚಿತು. 2001ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಬಾಯ್ಲರ್ ಮನೆ ಈಗ ವಿನ್ಯಾಸ ಮ್ಯೂಸಿಯಂ. ಕಲ್ಲಿದ್ದಲು ತೊಳೆಯುತ್ತಿದ್ದ ಕಟ್ಟಡ ರೂರ್ ಮ್ಯೂಸಿಯಂ.

ಇಂಥ ಹಳೆಯ ಕಟ್ಟಡದೊಳಗೆ ಜನರನ್ನು ಬಿಡುವ ಮೊದಲು ಅದರ ಬಲಕ್ಕೆ ಹೊಣೆ ಹೊರುವವರು ಸ್ಟ್ರಕ್ಚರಲ್ ಎಂಜಿನಿಯರುಗಳು. ಮೂಲ ನಕ್ಷೆ ಸಿಕ್ಕರೂ ಅದನ್ನೇ ನಂಬುವಂತಿಲ್ಲ. ತೊಲೆ, ಕಂಬಗಳನ್ನು ಅಳೆದು ತಾಳೆ ನೋಡಬೇಕು. ಹೊರೆ ಕಡಿಮೆಯಿರುವ ಜಾಗದಿಂದ ಉಕ್ಕಿನ ಸಣ್ಣ ತುಂಡು ಕತ್ತರಿಸಿ, ಅದು ಹರಿಯುವವರೆಗೆ ಎಳೆದು ಬಲ ತಿಳಿಯುತ್ತಾರೆ. ಗಂಧಕ, ರಂಜಕ ಹೆಚ್ಚಿದ್ದರೆ ಬೆಸುಗೆಯಲ್ಲಿ ಬಿರುಕು ಬಿಡುವ ಅಪಾಯವಿದೆ. ಅಂಥ ಕಡೆ ಹೊಸ ಭಾಗವನ್ನು ಬೋಲ್ಟ್ ಹಾಕಿಯೇ ಜೋಡಿಸುವುದು ಕ್ಷೇಮ.

ಹೆಚ್ಚು ಕಾಡುವುದು ತುಕ್ಕು. ತ್ಸೋಲ್‌ಫರೈನ್‌ನ ಹೊರಗೋಡೆಗಳಲ್ಲಿ ಉಕ್ಕಿನ ಚೌಕಗಳ ನಡುವೆ ತೆಳು ಇಟ್ಟಿಗೆ ತುಂಬಿದೆ. ಇಂಥ ಗೋಡೆಯ ಸಂದಿಗೆ ನೀರಿಳಿದರೆ ಉಕ್ಕು ತುಕ್ಕಾಗಿ ಹಲವು ಪಟ್ಟು ಉಬ್ಬುತ್ತದೆ. ಪಕ್ಕದ ಇಟ್ಟಿಗೆಯನ್ನು ತಳ್ಳಿ ಸೀಳುತ್ತದೆ. ಹೊರಗೆ ಬಣ್ಣ ನೆಟ್ಟಗೆ ಕಂಡರೂ ಒಳಗೆ ಲೋಹ ಸವೆದಿರಬಹುದು. ಅಲ್ಟ್ರಾಸೌಂಡ್ ಉಪಕರಣದಿಂದ ಉಳಿದ ದಪ್ಪ ಅಳೆದ ಮೇಲಷ್ಟೇ ಲೆಕ್ಕ ಶುರು. ಬೆಂಕಿಯ ಭಯ ಬೇರೆ: 600 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಉಕ್ಕು ಅರ್ಧಕ್ಕಿಂತ ಹೆಚ್ಚು ಬಲ ಕಳೆದುಕೊಳ್ಳುತ್ತದೆ. ಕಾದಾಗ ಉಬ್ಬಿ ರಕ್ಷಾಕವಚವಾಗುವ ಬಣ್ಣ ಬಳಿದರೆ, ತೊಲೆಯನ್ನು ಮುಚ್ಚದೆಯೇ ಜನ ಹೊರಬರಲು ಬೇಕಾದ ಸಮಯ ಗಳಿಸಬಹುದು.

ಇಷ್ಟಾದರೂ ಹಳೆಯ ಕಾರ್ಖಾನೆಗಳಲ್ಲಿ ಒಂದು ಆಸ್ತಿ ಇರುತ್ತದೆ. ಭಾರೀ ಯಂತ್ರ, ಕ್ರೇನು ಹೊರಲೆಂದು ಕಟ್ಟಿದ ಚೌಕಟ್ಟಿಗೆ ಮ್ಯೂಸಿಯಂನ ಜನಸಂದಣಿ ಎಷ್ಟೋ ಸಲ ಭಾರವೇ ಅಲ್ಲ. ತ್ಸೋಲ್‌ಫರೈನ್‌ನ ಬಾಯ್ಲರ್ ಮನೆಗೆ 1997ರಲ್ಲಿ ಹೊಸ ರೂಪ ಕೊಟ್ಟ ನಾರ್ಮನ್ ಫಾಸ್ಟರ್ ಹಳೆಯ ಬಾಯ್ಲರ್ ಒಂದನ್ನು ಹಾಗೆಯೇ ಉಳಿಸಿದರು, ಉಕ್ಕಿನ ಚೌಕಟ್ಟನ್ನು ಕಣ್ಣಿಗೆ ಕಾಣುವಂತೆ ಬಿಟ್ಟರು.

ಎಲ್ಲವನ್ನೂ ಕಿತ್ತು ಹೊಸದು ಹಾಕುವುದಕ್ಕೆ ಹಣ ಸಾಕು. ಯಾವುದನ್ನು ಮುಟ್ಟಬೇಕಿಲ್ಲ ಎಂದು ಲೆಕ್ಕದಿಂದ ತೋರಿಸಿ, ಆ ಮಾತಿಗೆ ಸಹಿ ಹಾಕಲು ವಿದ್ಯೆಯೂ ಬೇಕು, ಎದೆಗಾರಿಕೆಯೂ ಬೇಕು.