ಬಿದಿರಿನ ಬಾಲದ ಕಬ್ಬಿಣದ ಬಾಣ

ವಾರಾಂತ್ಯದಲ್ಲಿ ಗುಂಪು ಕಟ್ಟಿಕೊಂಡು ಶ್ರೀರಂಗಪಟ್ಟಣಕ್ಕೆ ಬರುವ ಇತಿಹಾಸಪ್ರಿಯರು ಹೆಚ್ಚು ಹೊತ್ತು ನಿಲ್ಲುವುದು ದರಿಯಾ ದೌಲತ್ ಅರಮನೆಯ ಒಂದು ಭಿತ್ತಿಚಿತ್ರದ ಮುಂದೆ. ಚೌಕವಾಗಿ ನಿಂತ ಇಂಗ್ಲಿಷ್ ಸೈನಿಕರು, ನಡುವೆ ಪಲ್ಲಕ್ಕಿಯಲ್ಲಿ ಕಂಗಾಲಾಗಿ ಕುಳಿತ ಕರ್ನಲ್ ಬೈಲಿ, ಪಕ್ಕದಲ್ಲೇ ಸಿಡಿಯುತ್ತಿರುವ ಮದ್ದಿನ ಬಂಡಿ. ಇದು 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿ ಪೊಳ್ಳಿಲೂರಿನಲ್ಲಿ ನಡೆದ ಕದನ. ಹೈದರಾಲಿ ಮತ್ತು ಟಿಪ್ಪುವಿನ ಸೇನೆ ಅಂದು ಈಸ್ಟ್ ಇಂಡಿಯಾ ಕಂಪೆನಿಯ ಪಡೆಯನ್ನು ನುಚ್ಚುನೂರು ಮಾಡಿತು. ಆ ಬಂಡಿಗೆ ಕಿಡಿ ತಗುಲಿಸಿದ್ದು ಮೈಸೂರಿನ ರಾಕೆಟ್ ಎಂಬ ಮಾತು ಅಂದಿನಿಂದಲೂ ಇದೆ.

ರಾಕೆಟ್ ಮೈಸೂರಿನ ಸ್ವಂತ ಸೃಷ್ಟಿಯಲ್ಲ. ಚೀನೀಯರು ಅದಕ್ಕೂ ಶತಮಾನಗಳ ಮೊದಲೇ ಅದನ್ನು ಬಲ್ಲವರಾಗಿದ್ದರು. ನಮ್ಮಲ್ಲೂ ಉತ್ಸವಗಳ ಬಾಣಬಿರುಸು ಹಳೆಯ ವಿದ್ಯೆಯೇ. ಹಾಗಾದರೆ ಮೈಸೂರಿನವರು ಮಾಡಿದ ಹೊಸತೇನು? ಉತ್ತರ ಸರಳ: ಕಾಗದ, ಬಿದಿರಿನ ಕೊಳವೆಯ ಬದಲು ಕಬ್ಬಿಣದ ಕೊಳವೆ.

ಮದ್ದು ಉರಿದಾಗ ಹುಟ್ಟುವ ಅನಿಲ ಹಿಂದಕ್ಕೆ ನುಗ್ಗುತ್ತದೆ. ಅದರ ಪ್ರತಿಕ್ರಿಯೆಯಿಂದ ಕೊಳವೆ ಮುಂದಕ್ಕೆ ಚಿಮ್ಮುತ್ತದೆ. ಒಳಗಿನ ಒತ್ತಡ ಹೆಚ್ಚಿದಷ್ಟೂ ನೆಗೆತ ಹೆಚ್ಚು. ಆದರೆ ಕಾಗದದ ಕೊಳವೆ ಹೆಚ್ಚು ಒತ್ತಡಕ್ಕೆ ಬಿರಿದುಹೋಗುತ್ತದೆ. ಕಬ್ಬಿಣ ತಡೆಯುತ್ತದೆ, ಮದ್ದನ್ನು ಗಟ್ಟಿಯಾಗಿ ಜಡಿದು ತುಂಬಲೂ ಅವಕಾಶ ಕೊಡುತ್ತದೆ. ಹೀಗಾಗಿ ಗೇಣುದ್ದದ ಕೊಳವೆ ಒಂದು ಕಿಲೋಮೀಟರಿಗೂ ಆಚೆ ಹಾರುತ್ತಿತ್ತು. ದೀಪಾವಳಿಯ ರಾಕೆಟ್ಟಿಗೆ ಕಡ್ಡಿ ಇರುವಂತೆ, ಇದಕ್ಕೆ ಉದ್ದನೆಯ ಬಿದಿರಿನ ಗಳು ಕಟ್ಟುತ್ತಿದ್ದರು. ಕೆಲವಕ್ಕೆ ಕತ್ತಿಯ ಅಲಗನ್ನೇ ಬಿಗಿಯುತ್ತಿದ್ದರು.

ಗುರಿ ಮಾತ್ರ ನಂಬುವಂತಿರಲಿಲ್ಲ. ಆದರೆ ಒಟ್ಟಿಗೆ ಹತ್ತಾರು ಬಾಣಗಳು ಬುಸುಗುಡುತ್ತ ಬಂದರೆ ಕುದುರೆಗಳು ಬೆದರುತ್ತಿದ್ದವು, ಸಾಲು ಕದಡುತ್ತಿತ್ತು. ಫಿರಂಗಿ ಎಳೆಯಲು ಎತ್ತುಗಳ ಹಿಂಡೇ ಬೇಕು. ಬಾಣವನ್ನು ಒಬ್ಬ ಆಳು ಹೊತ್ತು ಓಡಬಲ್ಲ. ಟಿಪ್ಪು ತನ್ನ ಸೇನೆಯ ದಳಗಳಲ್ಲಿ ರಾಕೆಟ್ ಹಾರಿಸುವವರ ಪ್ರತ್ಯೇಕ ತುಕಡಿಗಳನ್ನೇ ಇರಿಸಿದ್ದ. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಸಮೀಪ ಸುಲ್ತಾನ್‌ಪೇಟೆ ತೋಪಿನಲ್ಲಿ ಕತ್ತಲು, ಗುಂಡು ಮತ್ತು ರಾಕೆಟ್‌ಗಳ ನಡುವೆ ದಿಕ್ಕೆಟ್ಟು ಹಿಮ್ಮೆಟ್ಟಿದವನು ಆರ್ಥರ್ ವೆಲ್ಲೆಸ್ಲಿ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಸೇನಾನಿ ಈತನೇ.

ಒಂದು ತಿಂಗಳೊಳಗೆ, ಮೇ 4ರಂದು ಕೋಟೆ ಬಿತ್ತು, ಟಿಪ್ಪು ಮಡಿದ. ವಶವಾದ ರಾಕೆಟ್‌ಗಳಲ್ಲಿ ಕೆಲವು ಹಡಗೇರಿ ಇಂಗ್ಲೆಂಡಿನ ವುಲ್‌ವಿಚ್ ತಲುಪಿದವು. ಅಲ್ಲಿ ವಿಲಿಯಂ ಕಾಂಗ್ರೀವ್ ಎಂಬಾತ ಮದ್ದಿನ ಮಿಶ್ರಣ, ಕೊಳವೆಯ ಅಳತೆ, ಹಾರುವ ದೂರ ಇವನ್ನೆಲ್ಲ ಪರೀಕ್ಷಿಸುತ್ತ ಹೋದ. ಆತನ ರಾಕೆಟ್‌ಗಳು 1806ರಲ್ಲಿ ಫ್ರಾನ್ಸಿನ ಬುಲೋನ್ ಮೇಲೆ, 1807ರಲ್ಲಿ ಕೋಪನ್‌ಹೇಗನ್ ಮೇಲೆ, 1814ರಲ್ಲಿ ಅಮೆರಿಕದ ಬಾಲ್ಟಿಮೋರ್ ಮೇಲೆ ಬಿದ್ದವು.

ಹುಟ್ಟಿದ ನೆಲದಲ್ಲಿ ಮಾತ್ರ ವಿದ್ಯೆ ಕಣ್ಮರೆಯಾಯಿತು. ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಅವರು ಈ ಎರಡೂ ಕಥೆಗಳನ್ನು ಅಕ್ಕಪಕ್ಕ ಇಟ್ಟು ಅಧ್ಯಯನ ನಡೆಸಿದರು. ಇಲ್ಲಿ ಕೈಚಳಕವಿತ್ತು, ಒಳ್ಳೆಯ ಕಬ್ಬಿಣವಿತ್ತು. ಅಲ್ಲಿ ಅಳೆಯುವ, ಬರೆದಿಡುವ, ತಿದ್ದುವ ಪದ್ಧತಿಯಿತ್ತು. ಕುಲುಮೆಯ ಜ್ಞಾನ ಕಮ್ಮಾರನ ಕೈಯಲ್ಲಿದ್ದರೆ, ಅದನ್ನು ಸಾಕುವ ಅರಸು ಹೋದ ದಿನವೇ ಅದೂ ಹೋಗುತ್ತದೆ.

ಸ್ವಲ್ಪ ಮಾತ್ರ ನೆಲದಡಿ ಉಳಿದಿತ್ತು. ಹೊಸನಗರ ತಾಲ್ಲೂಕಿನ ನಗರ ಗ್ರಾಮ ಕೆಳದಿ ಅರಸರ ಬಿದನೂರು. 1763ರಲ್ಲಿ ಹೈದರನ ವಶವಾದ ಊರು. ಅಲ್ಲಿನ ಬಾವಿಯೊಂದರ ಹೂಳಿನಲ್ಲಿ 2002ರಲ್ಲಿ ಸಿಕ್ಕ ತುಕ್ಕು ಹಿಡಿದ ಕೊಳವೆಗಳು ರಾಕೆಟ್ಟಿನವು ಎಂದು ಗುರುತಿಸಲು ವರ್ಷಗಳೇ ಹಿಡಿದವು. 2018ರ ಜುಲೈನಲ್ಲಿ ಪುರಾತತ್ವ ಇಲಾಖೆ ಅಲ್ಲಿ ಅಗೆಸಿದಾಗ ಮಣ್ಣಿನಲ್ಲಿ ಮದ್ದಿನ ವಾಸನೆ ಇನ್ನೂ ಉಳಿದಿತ್ತು. ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಮೇಲೆ ಬಂದವು.

ದರಿಯಾ ದೌಲತ್‌ನ ಗೋಡೆ ಗೆಲುವನ್ನು ತೋರಿಸುತ್ತದೆ. ಗೆಲುವಿನ ಹಿಂದಿನ ಕುಲುಮೆಯನ್ನು ನೋಡಬೇಕೆನ್ನುವವರು ಈ ತುಕ್ಕು ಹಿಡಿದ ಕೊಳವೆಗಳನ್ನೇ ನೋಡಬೇಕು. ಅವುಗಳನ್ನು ಬಡಿದು ಮಾಡಿದವರ ಒಂದು ಹೆಸರೂ ಉಳಿದಿಲ್ಲ.