ತೇಜಸ್ ಬಾಲದ ಎಸಳುಗಳು

ಪ್ರಶ್ನೆ: ಯಲಹಂಕದ ಏರೋ ಇಂಡಿಯಾದಲ್ಲಿ ತೇಜಸ್ ಯುದ್ಧವಿಮಾನದ ಹಿಂಬದಿಯ ಬಾಯಿ ಹಿಗ್ಗಿ ಕುಗ್ಗುವುದನ್ನು ಕಂಡೆ. ಯಾಕೆ ಹಾಗೆ?
— ಓದುಗರೊಬ್ಬರು, ಮಡಿವಾಳ

ಉತ್ತರ: ಆ ಬಾಯಿಯೇ ನಾಝಲ್. ಸಾಮಾನ್ಯ ಹಾರಾಟದಲ್ಲಿ ಅದು ಕಿರಿದಾಗಿದ್ದು, ಬಿಸಿ ಅನಿಲ ರಭಸದಿಂದ ಹೊರನುಗ್ಗುತ್ತದೆ. ಪೈಲಟ್ ಆಫ್ಟರ್‌ಬರ್ನರ್ ಹಚ್ಚಿದಾಗ ಟರ್ಬೈನ್ ದಾಟಿದ ಅನಿಲಕ್ಕೆ ಮತ್ತೆ ಇಂಧನ ಚಿಮ್ಮಿ ಉರಿಯುತ್ತದೆ. ಅನಿಲ ವಿಪರೀತ ಹಿಗ್ಗುತ್ತದೆ. ಆಗಲೂ ಬಾಯಿ ಕಿರಿದಾಗೇ ಇದ್ದರೆ ಒಳಗೆ ಒತ್ತಡ ಏರಿ, ಮುಂದಿನ ಫ್ಯಾನು, ಕಂಪ್ರೆಸರುಗಳಲ್ಲಿ ಗಾಳಿಯ ಹರಿವೇ ಮುಗ್ಗರಿಸೀತು. ಅದಕ್ಕೇ ಬಾಯಿಯ ಸುತ್ತಲಿನ ಲೋಹದ ಎಸಳುಗಳು ತೆರೆದುಕೊಳ್ಳುತ್ತವೆ. ನೆಲದಲ್ಲಿ ಎಂಜಿನ್ ಸುಮ್ಮನೆ ಓಡುವಾಗಲೂ ಅವು ತೆರೆದೇ ಇರುತ್ತವೆ, ಬೇಡದ ನೂಕುಬಲ ತಗ್ಗಲೆಂದು.

ತೇಜಸ್‌ನಲ್ಲಿರುವುದು ಅಮೆರಿಕದ ಎಫ್‌404 ಎಂಜಿನ್. ನಮ್ಮದೇ ಸಿ.ವಿ. ರಾಮನ್ ನಗರದ ಎಂಜಿನ್ ಸಂಶೋಧನಾ ಸಂಸ್ಥೆ ಜಿಟಿಆರ್‌ಇ, 1989ರಲ್ಲಿ ಮಂಜೂರಾದ ಕಾವೇರಿ ಎಂಜಿನ್‌ಗೂ ಇಂಥದೇ ನಾಝಲ್ ರೂಪಿಸಿತ್ತು; ಆ ಎಂಜಿನ್ ತೇಜಸ್‌ಗೆ ಸಾಲುವಷ್ಟು ನೂಕುಬಲ ಕೊಡದೆ ಹೋದದ್ದು ಬೇರೆ ಕಥೆ. ಇಂದಿನ ಪ್ರಯಾಣಿಕ ಜೆಟ್‌ಗಳಿಗೆ ಆಫ್ಟರ್‌ಬರ್ನರ್ ಇಲ್ಲ, ಹಾಗಾಗಿ ಈ ಉಸಾಬರಿಯೂ ಇಲ್ಲ.