ಈರುಳ್ಳಿ ಬೂಷ್ಟಿಗೆ ಲೋಹ ಹಿಡಿಯುವ ಕೆಲಸ

ಈರುಳ್ಳಿ ಸುಲಿಯುವಾಗ ಸಿಪ್ಪೆಯಡಿ ಕಾಣುವ ಕಪ್ಪು ಪುಡಿಯನ್ನು ನಾವು ತೊಳೆದು ಚೆಲ್ಲುತ್ತೇವೆ. ಅದು ಸಾಮಾನ್ಯವಾಗಿ ಆಸ್ಪರ್ಜಿಲಸ್ ನೈಗರ್ ಎಂಬ ಶಿಲೀಂಧ್ರ. ತಂಪು ಪಾನೀಯಕ್ಕೂ ಜಾಮ್‌ಗೂ ಹುಳಿ ಕೊಡುವ ಸಿಟ್ರಿಕ್ ಆಮ್ಲವನ್ನು ಕಾರ್ಖಾನೆಗಳು ನೂರು ವರ್ಷಗಳಿಂದ ಇದೇ ಶಿಲೀಂಧ್ರದಿಂದ ತಯಾರಿಸುತ್ತಿವೆ. ಆಮ್ಲ ತೆಗೆದ ಮೇಲೆ ಉಳಿಯುವ ಶಿಲೀಂಧ್ರದ ರಾಶಿ ಕಾರ್ಖಾನೆಯ ಪಾಲಿಗೆ ಕಸ. ನೀರಿನಲ್ಲಿ ಕರಗಿದ ಸೀಸ, ಕ್ಯಾಡ್ಮಿಯಂ, ತಾಮ್ರ, ನಿಕ್ಕಲ್‌ಗಳನ್ನು ಹಿಡಿದಿಟ್ಟುಕೊಳ್ಳುವ ಗುಣ ಆ ಕಸಕ್ಕಿದೆ.

ಗುಟ್ಟಿರುವುದು ಕೋಶಭಿತ್ತಿಯಲ್ಲಿ. ಸೀಗಡಿಯ ಚಿಪ್ಪಿನಲ್ಲಿರುವ ಕೈಟಿನ್ ಇಲ್ಲೂ ಇದೆ, ಜೊತೆಗೆ ಗ್ಲೂಕಾನ್ ಮತ್ತು ಪ್ರೋಟೀನ್‌ಗಳಿವೆ. ಭಿತ್ತಿಯ ಮೇಲಿನ ಕಾರ್ಬಾಕ್ಸಿಲ್, ಫಾಸ್ಫೇಟ್ ಗುಂಪುಗಳು ಋಣ ವಿದ್ಯುದಂಶ ಹೊತ್ತಿರುತ್ತವೆ. ಧನ ವಿದ್ಯುದಂಶದ ಲೋಹದ ಅಯಾನು ಹತ್ತಿರ ಬಂದರೆ ಅಂಟಿಕೊಳ್ಳುತ್ತದೆ. ಇಷ್ಟಕ್ಕೆ ಶಿಲೀಂಧ್ರ ಬದುಕಿರಬೇಕೆಂದೇನಿಲ್ಲ. ನನ್ನ ಮಟ್ಟಿಗೆ ಸತ್ತದ್ದೇ ವಾಸಿ: ಸಾಕುವ ಖರ್ಚಿಲ್ಲ, ವಿಷಕ್ಕೆ ಸಾಯುವ ಭಯವೂ ಇಲ್ಲ. 1980ರ ದಶಕದ ಆರಂಭದಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸೆಜೋಸ್ ಮತ್ತು ವೊಲೆಸ್ಕಿ, ಬ್ರೆಡ್ಡಿನ ಬೂಷ್ಟಿನ ದಾಯಾದಿಯಾದ ರೈಜೋಪಸ್ ಅರೈಜಸ್‌ನ ನಿರ್ಜೀವ ಪುಡಿಯನ್ನು ಪರೀಕ್ಷಿಸಿದರು. ಒಂದು ಗ್ರಾಂ ಪುಡಿ 180 ಮಿಲಿಗ್ರಾಂಗೂ ಹೆಚ್ಚು ಯುರೇನಿಯಂ ಹಿಡಿದಿತ್ತು.

ನೀರು ತೀರ ಹುಳಿಯಾದರೆ ಹೈಡ್ರೋಜನ್ ಅಯಾನುಗಳೇ ಜಾಗ ಹಿಡಿದು ಲೋಹವನ್ನು ಹೊರದೂಡುತ್ತವೆ. ಈ ದೌರ್ಬಲ್ಯವೂ ಉಪಯೋಗಕ್ಕೆ ಬರುತ್ತದೆ. ತುಂಬಿದ ಪುಡಿಯನ್ನು ತೆಳು ಆಮ್ಲದಲ್ಲಿ ತೊಳೆದು ಲೋಹ ಬಿಡಿಸಿಕೊಂಡು, ಪುಡಿಯನ್ನು ಮತ್ತೆ ಬಳಸಬಹುದು. ಕ್ರೋಮಿಯಂನ ರೀತಿಯೇ ಬೇರೆ. ಕ್ಯಾನ್ಸರ್‌ಕಾರಕವಾದ ಅದರ ಷಡ್‌ವೇಲೆನ್ಸಿ ರೂಪ ನೀರಿನಲ್ಲಿ ಋಣ ಅಯಾನು. ಹುಳಿ ನೀರಿನಲ್ಲೇ ಅದು ಚೆನ್ನಾಗಿ ಸಿಕ್ಕುವುದು. ಸಿಕ್ಕಿದ್ದನ್ನು ಸತ್ತ ಶಿಲೀಂಧ್ರ ಎಲೆಕ್ಟ್ರಾನ್ ಕೊಟ್ಟು, ಎಷ್ಟೋ ಕಡಿಮೆ ವಿಷದ ತ್ರಿವೇಲೆನ್ಸಿ ರೂಪಕ್ಕೆ ಇಳಿಸುತ್ತದೆ.

ಹಾಗಾದರೆ ಮೂಟೆಗಟ್ಟಲೆ ಪುಡಿ ತಂದು ವೃಷಭಾವತಿಗೆ ಸುರಿಯೋಣವೇ? ಬೆಂಗಳೂರಿನ ಚರಂಡಿ ನೀರನ್ನೂ ಪೀಣ್ಯದಂಥ ಕಡೆಯ ಕೈಗಾರಿಕಾ ತ್ಯಾಜ್ಯವನ್ನೂ ಹೊತ್ತು ಬೈರಮಂಗಲ ಕೆರೆಗೆ ಇಳಿಯುವ ಹೊಳೆ ಅದು. ಆ ನೀರಿನಲ್ಲೇ ರೈತರು ತರಕಾರಿ ಬೆಳೆಯುತ್ತಾರೆ. ಆದರೆ ಹೊಳೆಯಲ್ಲಿ ಲೋಹ ಅತಿ ತೆಳುವಾಗಿರುತ್ತದೆ. ಕ್ಯಾಲ್ಸಿಯಂ, ಸಾಬೂನು, ಕೊಳೆತ ಸಾವಯವ ವಸ್ತು ಬೇಕಾದಷ್ಟಿದ್ದು ಅಡ್ಡ ಬರುತ್ತವೆ. ಲೋಹದ ಬಹುಪಾಲು ಆಗಲೇ ಕೆಸರಿಗೆ ಇಳಿದಿರುತ್ತದೆ. ಮೇಲಾಗಿ ಲೋಹವನ್ನು ಯಾವ ಜೀವಿಯೂ ಜೀರ್ಣಿಸಿಕೊಳ್ಳಲಾರದು. ಸುರಿದ ಪುಡಿಯನ್ನು ಮತ್ತೆ ಎತ್ತದಿದ್ದರೆ, ಅದನ್ನು ತಿಂದ ಮೀನು, ಹುಳುಗಳ ಹೊಟ್ಟೆಗೇ ವಿಷ ಬಡಿಸಿದಂತೆ.

ವಸ್ತುಗಳಿಗೆ ಲೋಹದ ಲೇಪ ಕೊಡುವ ಪ್ಲೇಟಿಂಗ್ ಘಟಕದ ತೊಳೆನೀರಿನ ತೊಟ್ಟಿಯಲ್ಲಾದರೆ ಲೋಹ ದಟ್ಟವಾಗಿರುತ್ತದೆ, ಏನೇನು ಬೆರೆತಿದೆ ಎಂಬುದೂ ಗೊತ್ತಿರುತ್ತದೆ. ಪುಡಿಯನ್ನು ಗುಳಿಗೆಯಾಗಿಸಿ ಕೊಳವೆಯಲ್ಲಿ ತುಂಬಿ ನೀರು ಹಾಯಿಸಬಹುದು. ಅಯಾನು ವಿನಿಮಯ ರಾಳ ಇಂದು ಇದೇ ಕೆಲಸ ಮಾಡುತ್ತಿದೆ. ರಾಳದ ಗುಣ ಸದಾ ಒಂದೇ ತೆರ. ಶಿಲೀಂಧ್ರದ ಪುಡಿ ಸರಕಿನಿಂದ ಸರಕಿಗೆ ಬದಲಾಗುತ್ತದೆ, ಕೊಳವೆಯೂ ಕಟ್ಟಿಕೊಳ್ಳುತ್ತದೆ. ದಶಕಗಳ ಸಂಶೋಧನೆಯಾದರೂ ಬೂಷ್ಟು ಮಾರುಕಟ್ಟೆಯಲ್ಲಿ ಗೆಲ್ಲದಿರಲು ಇದೂ ಒಂದು ಕಾರಣ.

ನಮ್ಮ ನಿಯಮದ ಪ್ರಕಾರ ಹೊಳೆಗೆ ಬಿಡುವ ತ್ಯಾಜ್ಯದ ಒಂದು ಲೀಟರಿನಲ್ಲಿ ಷಡ್‌ವೇಲೆನ್ಸಿ ಕ್ರೋಮಿಯಂ 0.1 ಮಿಲಿಗ್ರಾಂ ಮೀರಬಾರದು. ರಾಳ ಕೊಳ್ಳಲಾಗದ ಸಣ್ಣ ಘಟಕಕ್ಕೆ ಅಗ್ಗದ ದಾರಿ ಬೇಕೇ ಬೇಕು. ಬೂಷ್ಟು ಪರೀಕ್ಷೆಗೆ ಕೂರಬೇಕಾದ್ದು ಆ ತೊಟ್ಟಿಯ ಪಕ್ಕದಲ್ಲಿ.